ಹಳೇ ಮದರ್‌ಬೋರ್ಡ್: ಇಟ್ಟುಕೊಳ್ಳೋದಾ, ಬದಲಾಯಿಸೋದಾ?

"ಕಂಪ್ಯೂಟರ್ ತುಂಬಾ ನಿಧಾನ ಆಗಿದೆ. ಮದರ್‌ಬೋರ್ಡ್ ಹಳೇದಂತೆ, ಬದಲಾಯಿಸಬೇಕಂತೆ. ಯಾವುದು ತಗೊಳ್ಳಲಿ?" ಅಂತ ಗೆಳೆಯನೊಬ್ಬ ಫೋನ್ ಮಾಡಿದ್ದ. ಈಗ ಇರೋದು ಯಾವ ಬೋರ್ಡು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಸಿರು ಬಣ್ಣದ್ದು" ಅಂದ.

ನಗು ಬಂತು. ಆದರೆ ಅವನದೇನೂ ತಪ್ಪಿಲ್ಲ. ಕಂಪ್ಯೂಟರ್ ಕೊಂಡವರಿಗೆ ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಅಂತ ನೆನಪಿರುತ್ತದೆ. ಇವೆಲ್ಲವನ್ನೂ ಹೊತ್ತುಕೊಂಡಿರುವ ಹಲಗೆಯ ಹೆಸರು ಯಾರಿಗೂ ನೆನಪಿರುವುದಿಲ್ಲ. ಅಪ್‌ಗ್ರೇಡ್ ವಿಷಯದಲ್ಲಿ ಕೊನೇ ಮಾತು ಆಡೋದು ಮಾತ್ರ ಆ ಹಲಗೆಯೇ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. "ಮದರ್‌ಬೋರ್ಡ್ ಬದಲಾಯಿಸೋದು" ಅನ್ನೋದು ಕೇಳೋಕೆ ಒಂದೇ ಖರ್ಚು, ಕೊಳ್ಳೋಕೆ ಹೋದರೆ ಮೂರು. ಹೊಸ ಬೋರ್ಡಿಗೆ ಹಳೇ ಪ್ರೊಸೆಸರ್ ಕೂರುವುದಿಲ್ಲ. ಹಳೇ ರ‍್ಯಾಮ್ ಕೂಡ ಸಾಮಾನ್ಯವಾಗಿ ಕೂರುವುದಿಲ್ಲ. ಆದ್ದರಿಂದ ಯಾವ ಬೋರ್ಡು ಕೊಳ್ಳಲಿ ಅನ್ನೋದಕ್ಕಿಂತ ಮೊದಲು, ಇರೋ ಬೋರ್ಡು ಇನ್ನೂ ಎಷ್ಟು ದೂರ ಎಳೆಯಬಲ್ಲದು ಅಂತ ನೋಡಬೇಕು.

ಮುಂದೆ ಇರೋ ದಾರಿಗಳು ಐದು. ಬೋರ್ಡನ್ನು ಹಾಗೇ ಇಟ್ಟುಕೊಂಡು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್), ರ‍್ಯಾಮ್ ಹಾಕೋದು. ಆ ಬೋರ್ಡು ಒಪ್ಪುವ ದೊಡ್ಡ ಪ್ರೊಸೆಸರ್ ಹಾಕೋದು. ಕೆಟ್ಟ ಬೋರ್ಡಿನ ಜಾಗಕ್ಕೆ ಅದೇ ಕಾಲದ ಇನ್ನೊಂದನ್ನು ತರೋದು. ಬೋರ್ಡು, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಹೊಸದಾಗಿ ಕೊಳ್ಳೋದು. ಇಲ್ಲವೇ ಇಡೀ ಕಂಪ್ಯೂಟರನ್ನೇ ಬಿಟ್ಟು ಇನ್ನೊಂದು ತಗೊಳ್ಳೋದು. ಯಾವುದು ನಿಮಗೆ ಸರಿ ಅನ್ನೋದು ಬೋರ್ಡಿನ ಹೆಸರು ಗೊತ್ತಾದ ಮೇಲೆ ಮುಕ್ಕಾಲು ಪಾಲು ತಾನಾಗೇ ತಿಳಿಯುತ್ತದೆ.

ಹೆಸರು ಹುಡುಕೋದು

ಕಂಪ್ಯೂಟರ್ ಆನ್ ಆಗುತ್ತಿದ್ದರೆ ಸ್ಕ್ರೂಡ್ರೈವರ್ ಬೇಕಿಲ್ಲ. ವಿಂಡೋಸ್‌ನ ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ಅಂತ ಹುಡುಕಿ ತೆರೆಯಿರಿ. ಬೇಸ್‌ಬೋರ್ಡ್ ಮ್ಯಾನುಫ್ಯಾಕ್ಚರರ್, ಬೇಸ್‌ಬೋರ್ಡ್ ಪ್ರಾಡಕ್ಟ್ ಅಂತ ಎರಡು ಸಾಲು ಸಿಗುತ್ತವೆ. ಮೊದಲನೆಯದು ಕಂಪನಿ, ಎರಡನೆಯದು ಮಾಡೆಲ್. ಸಿಪಿಯು-ಝಡ್ ಅನ್ನೋ ಪುಟ್ಟ ಉಚಿತ ತಂತ್ರಾಂಶ ಇನ್ನೂ ಒಳ್ಳೆಯದು. ಅದರ ಮೇನ್‌ಬೋರ್ಡ್ ಪುಟದಲ್ಲಿ ಮಾಡೆಲ್ ಜೊತೆಗೆ ಚಿಪ್‌ಸೆಟ್ (ಬೋರ್ಡಿನ ಭಾಗಗಳನ್ನು ಒಂದಕ್ಕೊಂದು ಜೋಡಿಸುವ ಮುಖ್ಯ ಚಿಪ್), ಬಯೋಸ್ (ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ) ಆವೃತ್ತಿ, ಬಯೋಸ್‌ನ ತಾರೀಖು ಎಲ್ಲ ಇರುತ್ತದೆ. ಲಿನಕ್ಸ್‌ನವರಿಗೆ ಡಿಎಂಐಡಿಕೋಡ್ ಅನ್ನೋ ಆದೇಶ ಇದ್ದೇ ಇದೆ.

ಕೆಲವು ಬೋರ್ಡುಗಳಲ್ಲಿ ಮಾಡೆಲ್ ಇರಬೇಕಾದ ಜಾಗದಲ್ಲಿ "ಟು ಬಿ ಫಿಲ್ಡ್ ಬೈ ಓಇಎಂ" ಅಂತ ಬರುತ್ತದೆ. ಅದು ಹೆಸರಲ್ಲ. ಕಾರ್ಖಾನೆಯಲ್ಲಿ ಯಾರೋ ತುಂಬಿಸಬೇಕಿತ್ತು, ತುಂಬಿಸಿಲ್ಲ, ಅಷ್ಟೇ. ಆಗ ಕ್ಯಾಬಿನೆಟ್ ತೆರೆಯಲೇಬೇಕು.

ಪವರ್ ಕೇಬಲ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ, ಆಮೇಲೆ ಪಕ್ಕದ ಬಾಗಿಲು ತೆಗೆಯಿರಿ. ಮಾಡೆಲ್ ಹೆಸರನ್ನು ಸಾಮಾನ್ಯವಾಗಿ ಕಾರ್ಡ್ ಹಾಕುವ ಸ್ಲಾಟುಗಳ ನಡುವೆ, ಇಲ್ಲವೇ ಪ್ರೊಸೆಸರ್ ಮತ್ತು ರ‍್ಯಾಮ್ ನಡುವೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ಬೋರ್ಡಿನ ಅಂಚಿನಲ್ಲಿ 94ವಿ-0 ಅಂತ ಬರೆದಿರುತ್ತದೆ. ಅದನ್ನೇ ಮಾಡೆಲ್ ಅಂದುಕೊಂಡು ಹುಡುಕಿದರೆ ಲೋಕದ ಬೋರ್ಡುಗಳೆಲ್ಲ ಎದುರಿಗೆ ಬರುತ್ತವೆ. ಅದು ಬೋರ್ಡಿನ ವಸ್ತು ಬೆಂಕಿಗೆ ಎಷ್ಟು ತಡೆದುಕೊಳ್ಳುತ್ತದೆ ಅನ್ನೋದರ ಗುರುತು. ಎಫ್‌ಸಿಸಿ, ಸಿಇ ಅನ್ನುವವೂ ಅಷ್ಟೇ, ಅವು ಪ್ರಮಾಣೀಕರಣದ ಗುರುತುಗಳು. ಬಾರ್‌ಕೋಡ್ ಚೀಟಿಯ ಉದ್ದನೆಯ ಅಂಕಿ ಸೀರಿಯಲ್ ನಂಬರ್. ಅದು ನಿಮ್ಮ ಬೋರ್ಡಿನದು ಮಾತ್ರ, ಮಾಡೆಲ್‌ನದ್ದಲ್ಲ.

ಮಾಡೆಲ್ ಸಿಕ್ಕ ಖುಷಿಯಲ್ಲಿ ಬಾಗಿಲು ಮುಚ್ಚಬೇಡಿ. ಬೋರ್ಡಿನ ಮೂಲೆಯಲ್ಲಿ "ರೆವ್" ಅಂತ ಶುರುವಾಗುವ ಅಂಕಿ ಇರುತ್ತದೆ: 1.0, 1.1, 2.0 ಹೀಗೆ. ಇದನ್ನೂ ಬರೆದುಕೊಳ್ಳಿ. ಒಂದೇ ಹೆಸರಿನ ಬೋರ್ಡು, ರಿವಿಷನ್ ಬೇರೆಯಾದರೆ ಒಳಗಿನ ಸಾಮಾನು ಬೇರೆ ಇರಬಹುದು. ಒಪ್ಪುವ ಪ್ರೊಸೆಸರ್ ಪಟ್ಟಿ ಬೇರೆ ಇರಬಹುದು. ಬಯೋಸ್ ಫೈಲಂತೂ ಬೇರೆಯೇ ಇರಬಹುದು. ತಪ್ಪು ರಿವಿಷನ್‌ನ ಬಯೋಸ್ ಹಾಕಿದರೆ ಬೋರ್ಡು ಮತ್ತೆ ಏಳದೇ ಹೋಗುವ ಸಾಧ್ಯತೆಯೂ ಇದೆ. ಒಂದು ಫೋಟೋ ತೆಗೆದಿಟ್ಟುಕೊಂಡರೆ ಎಲ್ಲಕ್ಕೂ ಆಗುತ್ತದೆ.

ದೊಡ್ಡ ಕಂಪನಿಗಳ ಸಿದ್ಧ ಕಂಪ್ಯೂಟರ್ ಆದರೆ ಬೋರ್ಡಿನ ಹೆಸರಿಗಿಂತ ಕಂಪ್ಯೂಟರಿನ ಮಾಡೆಲ್ ಅಥವಾ ಸರ್ವಿಸ್ ಟ್ಯಾಗ್ ಜಾಸ್ತಿ ಉಪಯೋಗ. ಅವುಗಳ ಮ್ಯಾನುಯಲ್ ಸಿಗೋದೇ ಆ ನಂಬರಿನಿಂದ.

ಅಚ್ಚು ಅಳಿಸಿಹೋಗಿದ್ದರೆ? ಆಗ ಬೋರ್ಡಿನ ಕಾಲವನ್ನು ಸ್ಲಾಟುಗಳೇ ಹೇಳುತ್ತವೆ. ಹಳೇ ಗ್ರಾಫಿಕ್ಸ್ ಕಾರ್ಡಿನ ಕಂದು ಬಣ್ಣದ ಎಜಿಪಿ ಸ್ಲಾಟ್ ಇದ್ದರೆ ಅದು ಈಗಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಬಳಕೆಗೆ ಬರುವ ಮುಂಚಿನ, ಅಂದರೆ ಸುಮಾರು 2004ರ ಹಿಂದುಮುಂದಿನ ಬೋರ್ಡು. ಅದಕ್ಕೆ ಖರ್ಚು ಮಾಡೋದು ಹಳೇ ಆಟಗಳ ಹುಚ್ಚು ಇದ್ದವರು ಮಾತ್ರ. ರ‍್ಯಾಮ್ ಚೀಟಿ ಓದೋದು ಇನ್ನೂ ಸುಲಭ. ಅದರ ತಲೆಮಾರುಗಳಿಗೆ ಡಿಡಿಆರ್, ಡಿಡಿಆರ್2 ಹೀಗೆ ಹೆಸರು. ಪಿಸಿ2 ಅಂತ ಇದ್ದು ಆಮೇಲೆ ಅಡ್ಡಗೆರೆ ಬಂದರೆ ಡಿಡಿಆರ್2. ಪಿಸಿ3 ಅಡ್ಡಗೆರೆ ಅಂದರೆ ಡಿಡಿಆರ್3. ಪಿಸಿ4 ಅಂದರೆ ಡಿಡಿಆರ್4. ಆ ಅಡ್ಡಗೆರೆ ಮುಖ್ಯ. ಅಡ್ಡಗೆರೆ ಇಲ್ಲದ ಪಿಸಿ3200 ಅನ್ನೋದು ಮೊದಲ ತಲೆಮಾರಿನ ಡಿಡಿಆರ್. ನಾನೂ ಒಮ್ಮೆ ಇದನ್ನು ಡಿಡಿಆರ್3 ಅಂತ ಓದಿ, ಸ್ಲಾಟಿಗೆ ಯಾಕೆ ಕೂರುತ್ತಿಲ್ಲ ಅಂತ ಒದ್ದಾಡಿದ್ದೆ. ಕೂರೋದೂ ಇಲ್ಲ. ಪ್ರತಿ ತಲೆಮಾರಿಗೂ ಅಡಿಯ ಕಚ್ಚು ಬೇರೆ ಜಾಗದಲ್ಲಿದೆ, ಓಡುವ ವೋಲ್ಟೇಜ್ ಕೂಡ ಬೇರೆ. ಡಿಡಿಆರ್2ಕ್ಕೆ 1.8, ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2, ಡಿಡಿಆರ್5ಕ್ಕೆ 1.1. ಒತ್ತಿ ಕೂರಿಸೋ ಸಾಹಸ ಬೇಡ.

ಸಾಕೆಟ್ ಒಂದೇ ಇದ್ದರೆ ಸಾಕಾ?

ಸಾಲದು. ಜನ ಜಾಸ್ತಿ ದುಡ್ಡು ಕಳೆದುಕೊಳ್ಳೋದು ಇಲ್ಲೇ.

ಸಾಕೆಟ್ ಅಂದರೆ ಪ್ರೊಸೆಸರ್ ಕೂರುವ ಜಾಗ. ಇಂಟೆಲ್‌ನಲ್ಲಿ 2004ರ ಎಲ್‌ಜಿಎ 775, 2009ರ 1156, 2011ರ 1155, 2013ರ 1150, 2015ರ 1151, 2020ರ 1200, 2021ರ 1700 ಹೀಗೆ ಸಾಗುತ್ತದೆ. ಎಎಂಡಿಯಲ್ಲಿ 2006ರ ಎಎಂ2, 2009ರ ಎಎಂ3, 2011ರ ಎಎಂ3 ಪ್ಲಸ್, 2016ರ ಎಎಂ4, 2022ರ ಎಎಂ5. ಇಂಟೆಲ್ ಹೆಸರಿನ ಅಂಕಿ ಸಂಪರ್ಕ ಬಿಂದುಗಳ ಲೆಕ್ಕ. 1155ರ ಪ್ರೊಸೆಸರ್ 1156ಕ್ಕೆ ಹೋಗುವುದಿಲ್ಲ, ಒಂದೇ ಒಂದು ಪಿನ್ನಿನ ವ್ಯತ್ಯಾಸ ಅಂತ ಮುಖ ನೋಡುವುದಿಲ್ಲ.

ಅದಕ್ಕಿಂತ ಕೆಟ್ಟದ್ದು ಎಲ್‌ಜಿಎ 1151. ಇಲ್ಲಿ ಹೆಸರು ಒಂದು, ಲೋಕ ಎರಡು. 100 ಮತ್ತು 200 ಸರಣಿಯ ಚಿಪ್‌ಸೆಟ್ ಇರುವ ಬೋರ್ಡುಗಳಿಗೆ 6 ಮತ್ತು 7ನೇ ತಲೆಮಾರಿನ ಪ್ರೊಸೆಸರ್. 300 ಸರಣಿಯವಕ್ಕೆ 8 ಮತ್ತು 9ನೇ ತಲೆಮಾರು. 100 ಸರಣಿಯ ಎಚ್110 ಬೋರ್ಡಿಗೆ 8ನೇ ತಲೆಮಾರಿನ ಐ5-8400 ಪ್ರೊಸೆಸರ್ ಹಾಕಿದರೆ ಸರಿಯಾಗಿ ಕೂರುತ್ತದೆ, ಲಿವರ್ ಮುಚ್ಚುತ್ತದೆ, ಫ್ಯಾನ್ ತಿರುಗುತ್ತದೆ. ಪರದೆ ಮೇಲೆ ಮಾತ್ರ ಏನೂ ಬರುವುದಿಲ್ಲ. ಕೊಂಡವರು ಪ್ರೊಸೆಸರ್ ಕೆಟ್ಟಿದೆ ಅಂತ ಮಾರಿದವರ ಜೊತೆ ಜಗಳಕ್ಕೆ ನಿಲ್ಲುತ್ತಾರೆ.

ಹಾಗಾಗಿ ನಂಬಬೇಕಾದ್ದು ಒಂದನ್ನೇ: ಬೋರ್ಡು ಮಾಡಿದ ಕಂಪನಿಯ ತಾಣದಲ್ಲಿ, ನಿಮ್ಮ ಮಾಡೆಲ್ ಮತ್ತು ರಿವಿಷನ್ ಪುಟದಲ್ಲಿ ಇರುವ ಸಿಪಿಯು ಸಪೋರ್ಟ್ ಪಟ್ಟಿ. ಅದರಲ್ಲಿ ಪ್ರೊಸೆಸರ್ ಹೆಸರಿನ ಎದುರು ಎಷ್ಟನೇ ಬಯೋಸ್‌ನಿಂದ ಅದು ನಡೆಯುತ್ತದೆ ಅಂತಲೂ ಬರೆದಿರುತ್ತಾರೆ. ಪಟ್ಟಿಯಲ್ಲಿ ಇಲ್ಲದ್ದು ನಡೆಯಲೂಬಹುದು, ಆದರೆ ಆ ಜೂಜಿಗೆ ಸ್ವಂತ ದುಡ್ಡು ಹಾಕೋದು ಬೇಡ.

ಬೋರ್ಡು ಸತ್ತಿದೆ ಅನ್ನೋ ಮುಂಚೆ

ಪ್ರತಿ ಸಲ ಆನ್ ಮಾಡಿದಾಗಲೂ ಗಡಿಯಾರ ಹಿಂದಕ್ಕೆ ಹೋಗಿರುತ್ತದೆಯಾ? ಬಯೋಸ್ ಸೆಟಿಂಗ್ ಮರೆತು ಎಫ್1 ಒತ್ತು ಅನ್ನುತ್ತದೆಯಾ? ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ ಮುಗಿದಿದೆ. ಸಿಆರ್2032, 3 ವೋಲ್ಟಿನದು. ಅದನ್ನು ಬದಲಾಯಿಸಿದರೆ ಮುಗಿಯಿತು. ಇಷ್ಟಕ್ಕೇ ಬೋರ್ಡು ಎಸೆದವರನ್ನು ನೋಡಿದ್ದೇನೆ.

ಆನ್ ಆಗಿ ಬರೀ ಬೀಪ್ ಸದ್ದು ಬರುತ್ತಿದ್ದರೆ ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ಮೆದುವಾದ ರಬ್ಬರಿನಿಂದ ಉಜ್ಜಿ, ಪುಡಿ ಒರೆಸಿ ಮತ್ತೆ ಹಾಕಿ ನೋಡಿ. ಒಂದೊಂದೇ ಕೋಲನ್ನು ಬೇರೆ ಬೇರೆ ಸ್ಲಾಟಿನಲ್ಲಿ ಹಾಕಿ ಪರೀಕ್ಷೆ ಮಾಡಿ. ಒಮ್ಮೊಮ್ಮೆ ಆನ್ ಆಗಿ ಒಮ್ಮೊಮ್ಮೆ ಆಗದಿದ್ದರೆ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಮೇಲೆ ಮೊದಲ ಅನುಮಾನ ಇರಲಿ.

ಪ್ರೊಸೆಸರ್ ಸುತ್ತ ಇರುವ ಪುಟ್ಟ ಡಬ್ಬಿಗಳಂಥ ಕೆಪಾಸಿಟರುಗಳ ತಲೆ ಉಬ್ಬಿದ್ದರೆ, ಕಂದು ಅಂಟು ಸೋರಿದ್ದರೆ ವಿಷಯ ಬೇರೆ. 2000ದ ದಶಕದ ಮೊದಲ ಭಾಗದ ಬಹಳಷ್ಟು ಬೋರ್ಡುಗಳು ಕಳಪೆ ಕೆಪಾಸಿಟರುಗಳಿಂದಲೇ ಹೋದವು. ಬೆಸುಗೆ ಹಾಕಿ ಬದಲಾಯಿಸುವವರು ಇದ್ದಾರೆ. ಬೋರ್ಡಿಗೆ ವಿಶೇಷ ಬೆಲೆ ಇಲ್ಲದಿದ್ದರೆ ಅಲ್ಲಿಗೇ ಕೈಬಿಡೋದು ಸರಿ.

ಮೊದಲ ದಾರಿ: ಬೋರ್ಡು ಇರಲಿ, ಎಸ್‌ಎಸ್‌ಡಿ ಬರಲಿ

"ನಿಧಾನ" ಅನ್ನೋ ದೂರಿಗೆ ಹತ್ತರಲ್ಲಿ ಎಂಟು ಸಲ ನಾನು ಇದನ್ನೇ ಹೇಳುತ್ತೇನೆ. ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ತಿರುಗಬೇಕು, ಮುಳ್ಳು ಆ ಜಾಗಕ್ಕೆ ಹೋಗಬೇಕು, ಆಮೇಲೆ ಓದು. ಕಂಪ್ಯೂಟರ್ ಆನ್ ಆಗುವಾಗ ಸಾವಿರಾರು ಚಿಕ್ಕ ಚಿಕ್ಕ ಫೈಲುಗಳನ್ನು ಓದಬೇಕಾಗುತ್ತದೆ. ಹೊತ್ತು ಹೋಗೋದು ಆ ಓಡಾಟದಲ್ಲಿ. ಎಸ್‌ಎಸ್‌ಡಿಯಲ್ಲಿ ಓಡಾಟವೇ ಇಲ್ಲ.

"ನಂದು ಹಳೇ ಬೋರ್ಡು, ಸಾಟಾ 2 ಮಾತ್ರ ಇದೆ, ಎಸ್‌ಎಸ್‌ಡಿ ಹಾಕಿ ಏನು ಲಾಭ?" ಅಂತ ಕೇಳುತ್ತಾರೆ. ಸಾಟಾ ಅಂದರೆ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ದಾರಿ. ಸಾಟಾ 2ರಲ್ಲಿ ಸೆಕೆಂಡಿಗೆ 300 ಎಂಬಿ ಒಳಗೆ, ಸಾಟಾ 3ರಲ್ಲಿ 550ರ ಆಸುಪಾಸು ಬರುತ್ತದೆ, ನಿಜ. ಆದರೆ ನಿಮ್ಮ ಹಾರ್ಡ್ ಡಿಸ್ಕ್ ಕೊಡುತ್ತಿದ್ದದ್ದು 100ರಿಂದ 150. ಚಿಕ್ಕ ಫೈಲುಗಳಲ್ಲಂತೂ ಎರಡು ಸಾಟಾಗಳ ವ್ಯತ್ಯಾಸ ಕೈಗೆ ಗೊತ್ತಾಗುವುದಿಲ್ಲ, ಹಾರ್ಡ್ ಡಿಸ್ಕ್ ಮತ್ತು ಎಸ್‌ಎಸ್‌ಡಿ ವ್ಯತ್ಯಾಸ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ಇನ್ನೊಂದು ಲಾಭ ಏನೆಂದರೆ ನಾಳೆ ಬೋರ್ಡು ಬದಲಾಯಿಸಿದರೂ ಈ ಎಸ್‌ಎಸ್‌ಡಿ ಅಲ್ಲೂ ಕೆಲಸಕ್ಕೆ ಬರುತ್ತದೆ.

ಇಲ್ಲಿ ಎನ್‌ವಿಎಂಇ, ಅಂದರೆ ಇನ್ನೂ ವೇಗದ ಎಸ್‌ಎಸ್‌ಡಿ, ಅನ್ನೋ ಆಸೆ ಹುಟ್ಟುತ್ತದೆ. ಸ್ಲಾಟ್ ಇಲ್ಲದ ಹಳೇ ಬೋರ್ಡಿಗೂ ಒಂದು ಅಡಾಪ್ಟರ್ ಕಾರ್ಡ್ ಹಾಕಿ ಅದನ್ನು ಜೋಡಿಸಬಹುದು. ಆದರೆ 2014ಕ್ಕಿಂತ ಹಿಂದಿನ ಬೋರ್ಡುಗಳ ಬಯೋಸ್‌ಗೆ ಸಾಮಾನ್ಯವಾಗಿ ಎನ್‌ವಿಎಂಇಯಿಂದ ಬೂಟ್ ಮಾಡೋದು ಗೊತ್ತಿಲ್ಲ. ಫೈಲ್ ಇಟ್ಟುಕೊಳ್ಳಬಹುದು, ವಿಂಡೋಸ್ ಅಲ್ಲಿಂದ ಏಳುವುದಿಲ್ಲ. ಅಂಥ ಬೋರ್ಡಿಗೆ ಸಾದಾ ಸಾಟಾ ಎಸ್‌ಎಸ್‌ಡಿಯೇ ಸರಿ.

ರ‍್ಯಾಮ್ ವಿಷಯದಲ್ಲಿ ಸ್ಲಾಟು ಎಣಿಸಿದರೆ ಸಾಲದು, ಚಿಪ್‌ಸೆಟ್ ಮಿತಿ ನೋಡಬೇಕು. ಎಚ್61 ಚಿಪ್‌ಸೆಟ್ಟಿನ ಬೋರ್ಡಿನಲ್ಲಿ ಎರಡು ಸ್ಲಾಟ್, ಒಟ್ಟು 16 ಜಿಬಿ. ಜಿ41 ಇನ್ನೂ ಚಂಚಲ. ಅದರಲ್ಲಿ ಕೆಲವು ಬೋರ್ಡು ಡಿಡಿಆರ್2, ಕೆಲವು ಡಿಡಿಆರ್3. ಡಿಡಿಆರ್3 ಇದ್ದರೂ 8 ಜಿಬಿಯ ಒಂಟಿ ಕೋಲು ನಡೆಯುವುದಿಲ್ಲ. 4 ಜಿಬಿಯದ್ದೂ ಎರಡು ಬದಿ ಸೇರಿ 16 ಚಿಪ್ ಇರುವಂಥದ್ದೇ ಬೇಕು. ಎಂಟೇ ಚಿಪ್ ಇರುವ ಹೊಸ ಕೋಲು ಹಾಕಿದರೆ ಬೋರ್ಡು ಅದನ್ನು ಗುರುತೇ ಹಿಡಿಯುವುದಿಲ್ಲ.

ನನ್ನ ಗೆಳೆಯನ "ಹಸಿರು" ಬೋರ್ಡು ಕೊನೆಗೆ ಎಚ್61 ಅಂತ ಗೊತ್ತಾಯಿತು. ಒಳಗೆ ಐ3-2100, 4 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್. ಎಸ್‌ಎಸ್‌ಡಿ ಹಾಕಿ, ರ‍್ಯಾಮನ್ನು 8 ಜಿಬಿ ಮಾಡಿದೆವು. ಬೋರ್ಡಿನ ಮಾತು ಅವನು ಆಮೇಲೆ ಎರಡು ವರ್ಷ ಎತ್ತಲಿಲ್ಲ.

ಎರಡನೇ ದಾರಿ: ಅದೇ ಬೋರ್ಡಿಗೆ ದೊಡ್ಡ ಪ್ರೊಸೆಸರ್

ಇದು ಎಲ್ಲರಿಗೂ ಅಲ್ಲ. ಈಗಿರೋದು ಆ ಸಾಕೆಟ್ಟಿನ ತೀರಾ ಚಿಕ್ಕ ಪ್ರೊಸೆಸರ್ ಆಗಿದ್ದರೆ ಮಾತ್ರ ಇದರಲ್ಲಿ ಅರ್ಥ ಇದೆ. ಐ5ನಿಂದ ಐ7ಗೆ ಹೋಗಿ "ಏನೂ ವ್ಯತ್ಯಾಸ ಕಾಣ್ತಿಲ್ಲ" ಅನ್ನುವವರೇ ಜಾಸ್ತಿ.

ಎಎಂ4 ಬೋರ್ಡು ಇದ್ದರೆ ನೀವು ಅದೃಷ್ಟವಂತರು. 2017ರಲ್ಲಿ ಎಎಂಡಿಯ ಮೊದಲ ರೈಜನ್ ಪ್ರೊಸೆಸರ್ ಜೊತೆ ಬಂದ ಬೋರ್ಡುಗಳಿಗೂ 2022ರಲ್ಲಿ 5000 ಸರಣಿಯ ಬೆಂಬಲ ಕೊಡಲು ಎಎಂಡಿ ದಾರಿ ಬಿಟ್ಟಿತು. ಅಂದರೆ ನಾಲ್ಕು ಕೋರ್, ನಾಲ್ಕು ಥ್ರೆಡ್‌ನ ರೈಜನ್ 3 1200 ಇದ್ದ ಬಿ350 ಬೋರ್ಡಿಗೆ, ಬಯೋಸ್ ಬಂದಿದ್ದರೆ, ಆರು ಕೋರ್, ಹನ್ನೆರಡು ಥ್ರೆಡ್‌ನ ರೈಜನ್ 5 5600 ಹಾಕಬಹುದು. ಕೋರ್ ಅಂದರೆ ಪ್ರೊಸೆಸರ್ ಒಳಗಿನ ಕೆಲಸಗಾರ, ಥ್ರೆಡ್ ಅಂದರೆ ಅವು ಒಟ್ಟಿಗೆ ಹಿಡಿಯಬಲ್ಲ ಕೆಲಸಗಳ ಲೆಕ್ಕ. ರ‍್ಯಾಮ್ ಅದೇ, ಬೋರ್ಡು ಅದೇ. ಹಳೇ ಬೋರ್ಡಿನಲ್ಲಿ ಇಷ್ಟು ದೊಡ್ಡ ಜಿಗಿತ ಬೇರೆ ಕಡೆ ಸಿಗೋದು ಕಷ್ಟ.

ಆದರೆ ಕ್ರಮ ತಪ್ಪಬಾರದು. ಮೊದಲು ಹಳೇ ಪ್ರೊಸೆಸರ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಬೇಕು. ಆಮೇಲೆ ಹೊಸದನ್ನು ಹಾಕಬೇಕು. ಹೊಸದನ್ನು ಮೊದಲೇ ಹಾಕಿದರೆ ಬೋರ್ಡು ಅದನ್ನು ಗುರುತಿಸುವುದಿಲ್ಲ, ಪರದೆ ಬರುವುದಿಲ್ಲ, ಪರದೆ ಬರದೆ ಅಪ್‌ಡೇಟ್ ಮಾಡೋಕೂ ಆಗುವುದಿಲ್ಲ. ಕರೆಂಟ್ ಹೋಗುವ ಹೊತ್ತಿನಲ್ಲಿ ಬಯೋಸ್ ಮುಟ್ಟಬೇಡಿ, ಯುಪಿಎಸ್ ಇದ್ದರೆ ಒಳ್ಳೆಯದು. ಇನ್ನೊಂದು: ಹಳೇ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಒಳಗೇ ಇತ್ತಾ ನೋಡಿಕೊಳ್ಳಿ. ರೈಜನ್ 5 5600ರಲ್ಲಿ ಗ್ರಾಫಿಕ್ಸ್ ಇಲ್ಲ, ಕೊನೆಯಲ್ಲಿ ಜಿ ಇರುವ 5600ಜಿಯಲ್ಲಿ ಇದೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಇಲ್ಲದವರು ಇದನ್ನು ಕೊಂಡರೆ ಪರದೆ ಕಪ್ಪಗೇ ಇರುತ್ತದೆ.

ಎಲ್‌ಜಿಎ 1155ರಲ್ಲೂ ಒಂದು ಜಿಗಿತ ಇದೆ. ಎರಡು ಕೋರಿನ ಐ3 ಇದ್ದರೆ ಸೆಕೆಂಡ್ ಹ್ಯಾಂಡ್ ಐ7-3770 ಹಾಕಬಹುದು, ಎಚ್61 ಬೋರ್ಡಿಗೂ, ಬಯೋಸ್ ಹೊಸದಿದ್ದರೆ. ನಾಲ್ಕು ಕೋರ್, ಎಂಟು ಥ್ರೆಡ್. ಸಿಕ್ಕಾಪಟ್ಟೆ ಅಗ್ಗಕ್ಕೆ ಸಿಕ್ಕರೆ ಹಾಕಿ. ಅದಕ್ಕಾಗಿ ಹೊಸ ಕೂಲರ್, ಹೊಸ ಎಸ್‌ಎಂಪಿಎಸ್ ಅಂತ ಬೆಳೆಯತೊಡಗಿದರೆ ನಿಲ್ಲಿಸಿ.

ಎಎಂ4 ಪ್ರೊಸೆಸರ್ ತೆಗೆಯುವಾಗ ಒಂದು ಎಚ್ಚರಿಕೆ. ಅದರಲ್ಲಿ ಪಿನ್ನುಗಳು ಪ್ರೊಸೆಸರಿಗೇ ಇರುತ್ತವೆ. ಕೂಲರ್ ಮತ್ತು ಪ್ರೊಸೆಸರ್ ನಡುವೆ ಹಚ್ಚಿದ ಪೇಸ್ಟ್ ಒಣಗಿ ಅಂಟಿಕೊಂಡು, ಕೂಲರ್ ಎಳೆದರೆ ಲಿವರ್ ಮುಚ್ಚಿದ್ದರೂ ಪ್ರೊಸೆಸರ್ ಜೊತೆಗೇ ಕಿತ್ತು ಬರಬಹುದು. ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ, ಪೇಸ್ಟ್ ಬೆಚ್ಚಗಾದ ಮೇಲೆ ಆಫ್ ಮಾಡಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಆಮೇಲೆ ಎತ್ತಿ.

ಮೂರನೇ ದಾರಿ: ಅದೇ ಕಾಲದ ಇನ್ನೊಂದು ಬೋರ್ಡು

ಬೋರ್ಡು ಮಾತ್ರ ಸತ್ತು ಪ್ರೊಸೆಸರ್, ರ‍್ಯಾಮ್ ಚೆನ್ನಾಗಿದ್ದರೆ ಈ ಯೋಚನೆ ಬರುತ್ತದೆ. ಪ್ರೊಸೆಸರ್ ನಿಜವಾಗಿಯೂ ಒಳ್ಳೆಯದಾಗಿದ್ದರೆ ಮಾಡಬಹುದು. ಇಲ್ಲದಿದ್ದರೆ ನನಗೆ ಇಷ್ಟವಿಲ್ಲದ ದಾರಿ ಇದು. ಸೆಕೆಂಡ್ ಹ್ಯಾಂಡ್ ಬೋರ್ಡು ಅಂದರೆ ಇನ್ನೊಬ್ಬರ ಮನೆಯಲ್ಲಿ ಅಷ್ಟೇ ವರ್ಷ ಬೆಂದು ಬಂದದ್ದು. ಕೊಳ್ಳುವುದಾದರೆ ಸಾಕೆಟ್ಟಿನ ಒಳಗಿನ ಪಿನ್ನುಗಳ ಹತ್ತಿರದ ಫೋಟೋ ಕೇಳಿ. ಇಂಟೆಲ್ ಬೋರ್ಡುಗಳಲ್ಲಿ ಪಿನ್ನು ಸಾಕೆಟ್ಟಿನಲ್ಲೇ ಇರುತ್ತವೆ, ಒಂದೆರಡು ಬಾಗಿದ್ದರೂ ಒಂದು ರ‍್ಯಾಮ್ ಸ್ಲಾಟ್ ಸತ್ತಿರಬಹುದು. ಎಲ್ಲ ಸ್ಲಾಟಿನಲ್ಲೂ ರ‍್ಯಾಮ್ ಹಾಕಿ ತೋರಿಸಿ ಅನ್ನಿ. ಹಿಂಬದಿಯ ಲೋಹದ ತಗಡು ಜೊತೆಗೆ ಬರುತ್ತದಾ ಅಂತಲೂ ಕೇಳಿ, ಆ ತಗಡು ಬೇರೆಯಾಗಿ ಸಿಗೋದೇ ಇಲ್ಲ ಅನ್ನುವಷ್ಟು ಕಷ್ಟ.

ಹಳೇ ಸರ್ವರ್ ಪ್ರೊಸೆಸರುಗಳಿಗಾಗಿ ಈಗ ಹೊಸದಾಗಿ ತಯಾರಾಗುವ ಎಕ್ಸ್79, ಎಕ್ಸ್99 ಬೋರ್ಡುಗಳೂ ಇವೆ. ಹಳೇ ಚಿಪ್‌ಗಳನ್ನು ಮತ್ತೆ ಬಳಸಿ ಮಾಡಿದವು. ಕೋರ್ ಲೆಕ್ಕ ನೋಡಿ ಮರುಳಾಗಬೇಡಿ. ಬಯೋಸ್ ಅಪ್‌ಡೇಟ್, ಮ್ಯಾನುಯಲ್ ಯಾವುದನ್ನೂ ನೆಚ್ಚಿಕೊಳ್ಳೋಕೆ ಆಗುವುದಿಲ್ಲ. ಆಟಕ್ಕೆ ಸರಿ, ದಿನದ ಕೆಲಸಕ್ಕೆ ಬೇಡ.

ನಾಲ್ಕನೇ ದಾರಿ: ಮೂರೂ ಹೊಸದು

ಇದಕ್ಕೆ ಹೋಗಲು ಗಟ್ಟಿ ಕಾರಣ ವಿಂಡೋಸ್. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 (ಬೀಗದ ಕೀಲಿಗಳನ್ನು ಕಾಯುವ ಭದ್ರತಾ ಭಾಗ), ಸೆಕ್ಯೂರ್ ಬೂಟ್ (ನಂಬಿಕೆಯ ತಂತ್ರಾಂಶವನ್ನಷ್ಟೇ ಏಳಗೊಡುವ ವ್ಯವಸ್ಥೆ) ಬೇಕು. ಪ್ರೊಸೆಸರ್ ಇಂಟೆಲ್‌ನಲ್ಲಿ 8ನೇ ತಲೆಮಾರು, ಎಎಂಡಿಯಲ್ಲಿ ರೈಜನ್ 2000 ಸರಣಿ ಅಥವಾ ಈಚಿನದು ಇರಬೇಕು, ಹೆಚ್ಚುಕಮ್ಮಿ. ನಿಮ್ಮದು ಈ ಗೆರೆಯ ಈಚೆ ಇದ್ದೂ "ಈ ಪಿಸಿಗೆ ಆಗುವುದಿಲ್ಲ" ಅಂತ ಬಂದರೆ ತಕ್ಷಣ ಬೋರ್ಡು ಕೊಳ್ಳಬೇಡಿ. ಬಯೋಸ್ ಒಳಗೆ ಟಿಪಿಎಂ ಆಫ್ ಆಗಿರಬಹುದು. ಇಂಟೆಲ್ ಬೋರ್ಡಿನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಆನ್ ಮಾಡಿದರೆ ಸಾಕು. ಗೆರೆಯ ಆಚೆ ಇರುವವರು ಏನೇನೋ ಉಪಾಯ ಮಾಡಿ ವಿಂಡೋಸ್ 11 ಹಾಕುತ್ತಾರೆ. ಆದರೆ 24ಎಚ್2 ಆವೃತ್ತಿಯಿಂದ ಇಂಟೆಲ್‌ನ ಕೋರ್ 2 ಕಾಲದ ಪ್ರೊಸೆಸರುಗಳಲ್ಲಿ ಅದು ಏಳುವುದೇ ಇಲ್ಲ. ಬೇಕಾದ ಒಂದು ಆದೇಶವೇ ಆ ಚಿಪ್‌ಗಳಲ್ಲಿಲ್ಲ. ಬ್ರೌಸರ್, ಬರವಣಿಗೆ, ವಿಡಿಯೋ ಅಷ್ಟೇ ಸಾಕು ಅನ್ನುವವರಿಗೆ ಲಿನಕ್ಸ್ ಇದೆ. ಅದಕ್ಕೆ ಈ ಗೆರೆ ಇಲ್ಲ.

ಹೊಸದು ಕೊಳ್ಳುವಾಗ ನಿಮ್ಮ ರ‍್ಯಾಮ್ ನೋಡಿ ಬೋರ್ಡು ಆರಿಸಿ. ಈಗಾಗಲೇ 16 ಜಿಬಿ ಒಳ್ಳೇ ಡಿಡಿಆರ್4 ಇದ್ದರೆ ಎಲ್‌ಜಿಎ 1700ರ ಡಿಡಿಆರ್4 ಬೋರ್ಡು ಅಥವಾ ಎಎಂ4 ತಗೊಂಡು ಒಂದು ಖರ್ಚು ಉಳಿಸಬಹುದು. ಎಲ್‌ಜಿಎ 1700ರಲ್ಲಿ ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ, ಹೆಸರಿನ ಕೊನೆಯನ್ನು ಸರಿಯಾಗಿ ಓದಿ. ಡಿಡಿಆರ್3 ಇರುವವರಿಗೆ ಉಳಿಸೋಕೆ ಏನೂ ಇಲ್ಲ. ಅವರು ಮುಂದೆ ಮತ್ತೊಮ್ಮೆ ಪ್ರೊಸೆಸರ್ ಮಾತ್ರ ಬದಲಾಯಿಸುವ ಆಸೆ ಇದ್ದರೆ ಎಎಂ5 ನೋಡಲಿ. ಎಎಂ4ಗೆ ಎಎಂಡಿ ಅಷ್ಟು ವರ್ಷ ನೀರೆರೆದದ್ದು ನೋಡಿದರೆ ನನ್ನ ಒಲವು ಆ ಕಡೆಗೇ. ಎಎಂ5 ಡಿಡಿಆರ್5 ಮಾತ್ರ ತಗೊಳ್ಳುತ್ತದೆ. ಇಂಟೆಲ್‌ನ 13, 14ನೇ ತಲೆಮಾರಿನ ದೊಡ್ಡ ಪ್ರೊಸೆಸರ್ ಸೆಕೆಂಡ್ ಹ್ಯಾಂಡ್ ಸಿಗುತ್ತಿದ್ದರೆ ಸ್ವಲ್ಪ ಯೋಚಿಸಿ. ವೋಲ್ಟೇಜ್ ತೊಂದರೆಯಿಂದ ಅವು ಅಸ್ಥಿರ ಆಗುತ್ತಿದ್ದದ್ದನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು ಬಯೋಸ್ ಮೂಲಕ ತಿದ್ದಿತು. ತಿದ್ದುಪಡಿ ಇಲ್ಲದೆ ಓಡಿದ ಚಿಪ್ ಆಗಲೇ ಪೆಟ್ಟು ತಿಂದಿರಬಹುದು.

ಹಳೇ ಕ್ಯಾಬಿನೆಟ್ ಉಳಿಸಿಕೊಳ್ಳಬಹುದಾ? ಬೋರ್ಡಿನ ಅಳತೆಯ ನಿಯಮವಾದ ಎಟಿಎಕ್ಸ್ 1995ರಿಂದ ಇದೆ, ಬೋರ್ಡಿನ ತೂತುಗಳ ಜಾಗ ಇವತ್ತಿಗೂ ಅದೇ. ಪೂರ್ಣ ಎಟಿಎಕ್ಸ್ 305 × 244 ಮಿಲಿಮೀಟರ್, ಮೈಕ್ರೋ ಎಟಿಎಕ್ಸ್ 244 × 244. ದೊಡ್ಡದರಲ್ಲಿ ಚಿಕ್ಕದು ಕೂರುತ್ತದೆ. ಬೋರ್ಡು ಚಿಕ್ಕದಾದಾಗ ಕೆಳಗಿನ ಹಿತ್ತಾಳೆ ಸ್ಕ್ರೂಗಳಲ್ಲಿ ತೂತಿಗೆ ಸರಿಹೊಂದದ್ದನ್ನು ಮರೆಯದೆ ಬಿಚ್ಚಿ, ಇಲ್ಲದಿದ್ದರೆ ಬೋರ್ಡಿನ ಹಿಂಭಾಗಕ್ಕೆ ತಾಗಿ ಶಾರ್ಟ್ ಆಗುತ್ತದೆ. ಎಸ್‌ಎಂಪಿಎಸ್ ಮಾತ್ರ ಬದಲಾಯಿಸಿ ಅಂತಲೇ ಹೇಳುತ್ತೇನೆ. 20 ಪಿನ್ನಿನದಾಗಿದ್ದರೆ, ಪ್ರೊಸೆಸರಿನ 8 ಪಿನ್ ಕೇಬಲ್ ಇಲ್ಲದಿದ್ದರೆ, ಹತ್ತು ವರ್ಷ ದಾಟಿದ್ದರೆ ಹೊಸ ಬೋರ್ಡಿಗೆ ಅದನ್ನು ಜೋಡಿಸಬೇಡಿ. ದೊಡ್ಡ ಕಂಪನಿಗಳ ಸಿದ್ಧ ಕಂಪ್ಯೂಟರುಗಳಲ್ಲಿ ಎಸ್‌ಎಂಪಿಎಸ್ ಕನೆಕ್ಟರ್, ಮುಂಭಾಗದ ಬಟನ್ನಿನ ತಂತಿ, ಕೆಲವೊಮ್ಮೆ ಬೋರ್ಡಿನ ಆಕಾರವೇ ಬೇರೆ ಇರುತ್ತದೆ. ಅಂಥದ್ದಕ್ಕೆ ಸಾದಾ ಬೋರ್ಡು ತಂದು ಕೂರಿಸೋ ಗೋಜು ಬೇಡ.

ಐದನೇ ದಾರಿ

ಅಂಥ ಸಿದ್ಧ ಕಂಪ್ಯೂಟರ್ ಇರುವವರಿಗೆ, ಆಟ ಆಡದವರಿಗೆ, 8ನೇ ತಲೆಮಾರು ಅಥವಾ ಈಚಿನ ಪ್ರೊಸೆಸರ್ ಇರುವ, ಕಚೇರಿಗಳಿಂದ ಬಿಡುಗಡೆಯಾದ ಕಂಪ್ಯೂಟರ್ ಇಡಿಯಾಗಿ ತಗೊಳ್ಳೋದೇ ಸಲೀಸು. ಬೋರ್ಡು, ಪ್ರೊಸೆಸರ್, ರ‍್ಯಾಮ್ ಒಂದಕ್ಕೊಂದು ಹೊಂದುತ್ತವಾ ಅನ್ನೋ ತಲೆನೋವು ಇಲ್ಲ. ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕೋ ಯೋಚನೆ ಇದ್ದರೆ ತೆಳ್ಳನೆಯ ಡಬ್ಬಿ ಬೇಡ, ಎತ್ತರದ್ದು ನೋಡಿ.

ಯಾರಿಗೆ ಯಾವುದು

ಎಲ್‌ಜಿಎ 775, ಎಎಂ2: ಮನೆಯಲ್ಲಿ ಬಿದ್ದಿರೋ ಎಸ್‌ಎಸ್‌ಡಿ ಇದ್ದರೆ ಹಾಕಿ, ಹೊಸ ದುಡ್ಡು ಹಾಕಬೇಡಿ. 1155, 1150, ಎಎಂ3 ಪ್ಲಸ್: ಎಸ್‌ಎಸ್‌ಡಿ, 8ರಿಂದ 16 ಜಿಬಿ ರ‍್ಯಾಮ್, ಅಲ್ಲಿಗೆ ನಿಲ್ಲಿಸಿ. ಬೋರ್ಡು ಸತ್ತ ದಿನ ಮುಂದಿನ ಕಾಲಕ್ಕೆ ಹೋಗಿ. ಮೊದಲ 1151 (100, 200 ಸರಣಿ): ಇದು ಕಿರಿಕಿರಿಯ ಜಾಗ. ವೇಗ ಸಾಕಷ್ಟಿದೆ, ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಲಿನಕ್ಸ್ ಒಗ್ಗಿದರೆ ಇನ್ನೂ ಕೆಲವು ವರ್ಷ, ಒಗ್ಗದಿದ್ದರೆ ಡಿಡಿಆರ್4 ಉಳಿಸಿಕೊಂಡು ಬೋರ್ಡು, ಪ್ರೊಸೆಸರ್ ಬದಲಾಯಿಸಿ. ಎರಡನೇ 1151 (300 ಸರಣಿ): ಏನೂ ಮಾಡಬೇಡಿ, ಬೇಕಾದರೆ ಎಸ್‌ಎಸ್‌ಡಿ. ಎಎಂ4: ಪ್ರೊಸೆಸರ್ ಬದಲಾಯಿಸಿ ಆರಾಮಾಗಿರಿ.

ಬೋರ್ಡು ಕೀಳುವ ದಿನ

ಕೀಳುವ ಮುಂಚೆ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಆನ್ ಇದೆಯಾ ನೋಡಿ. ಇದ್ದರೆ ರಿಕವರಿ ಕೀ ಬೇರೆ ಕಡೆ ಬರೆದಿಟ್ಟುಕೊಳ್ಳಿ. ಬೀಗದ ಕೈ ಹಳೇ ಬೋರ್ಡಿನ ಟಿಪಿಎಂ ಒಳಗಿರುತ್ತದೆ, ಹೊಸ ಬೋರ್ಡು ಆ ಕೀ ಕೇಳಿಯೇ ಕೇಳುತ್ತದೆ. ವಿಂಡೋಸ್ ಲೈಸೆನ್ಸ್ ಕೂಡ ಬೋರ್ಡಿಗೆ ಅಂಟಿಕೊಂಡಿರುತ್ತದೆ. ಬಿಡಿಯಾಗಿ ಕೊಂಡ ಲೈಸೆನ್ಸ್ ಆದರೆ ಮೊದಲೇ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಡಿ, ಆಮೇಲೆ ಹೊಸ ಬೋರ್ಡಿಗೆ ಸಾಗಿಸಬಹುದು. ಕಂಪ್ಯೂಟರ್ ಜೊತೆಗೇ ಬಂದದ್ದು ಸಾಮಾನ್ಯವಾಗಿ ಆ ಬೋರ್ಡಿನ ಜೊತೆಗೇ ಹೋಗುತ್ತದೆ.

ಹೊಸ ಬೋರ್ಡನ್ನು ನೇರವಾಗಿ ಕ್ಯಾಬಿನೆಟ್ಟಿಗೆ ಬಿಗಿಯಬೇಡಿ. ಅದರದೇ ರಟ್ಟಿನ ಡಬ್ಬದ ಮೇಲಿಟ್ಟು, ಪ್ರೊಸೆಸರ್, ಕೂಲರ್, ಒಂದೇ ಕೋಲು ರ‍್ಯಾಮ್, ಪವರ್ ಕೇಬಲ್ ಅಷ್ಟೇ ಹಾಕಿ ಆನ್ ಮಾಡಿ. ಬಯೋಸ್ ಪರದೆ ಬಂತಾ, ಆಮೇಲೆ ಉಳಿದದ್ದು. ಬರಲಿಲ್ಲವಾ, ಹನ್ನೆರಡು ಸ್ಕ್ರೂ ಬಿಚ್ಚುವ ಕೆಲಸ ಉಳಿಯಿತು. ಹೊಸ ಬೋರ್ಡಿನ ಸಾಕೆಟ್ ಮೇಲಿದ್ದ ಪ್ಲಾಸ್ಟಿಕ್ ಮುಚ್ಚಳ ಎಸೆಯಬೇಡಿ. ಹಳೇ ಬೋರ್ಡಿನ ಸಾಕೆಟ್ಟಿಗೆ ಅದು ಕೂತರೆ ಅದನ್ನೇ ಮುಚ್ಚಿ ಇಡಿ. ಯಾರೋ ಒಬ್ಬರು "ನಮ್ಮ ಬೋರ್ಡು ಸತ್ತಿದೆ, ಅದೇ ಮಾಡೆಲ್ ಎಲ್ಲಾದರೂ ಇದೆಯಾ" ಅಂತ ಕೇಳಿಕೊಂಡು ಬಂದೇ ಬರುತ್ತಾರೆ. ಪಿನ್ನು ಬಾಗದೆ ಇದ್ದರೆ ಮಾತ್ರ ಅದು ಅವರಿಗೆ ಉಪಯೋಗಕ್ಕೆ ಬರುತ್ತದೆ.